ಮಾವನವರ ಮನೆಯ ಚಿತ್ರ, ವಿಗ್ರಹಗಳಿಗೆ ಬೆಲೆ ಕಟ್ಟಿಸಿದ್ದು: ನನ್ನ ಅನುಭವ

ಅಮೆರಿಕದಲ್ಲಿ ಮನೆಗೆ, ಜಾಗಕ್ಕೆ ಬೆಲೆ ಕಟ್ಟುವ ಅಪ್ರೈಸರ್‌ಗೆ ಸರ್ಕಾರದ ಲೈಸೆನ್ಸ್ ಬೇಕು. ಚಿತ್ರ, ವಿಗ್ರಹ, ಕಾರ್ಪೆಟ್ಟು, ಬೆಳ್ಳಿ ಸಾಮಾನಿಗೆ ಬೆಲೆ ಕಟ್ಟುವವರಿಗೆ ಅಂಥ ಲೈಸೆನ್ಸ್ ಯಾವುದೂ ಇಲ್ಲ. ಯಾರು ಬೇಕಾದರೂ ಕಾರ್ಡ್ ಮಾಡಿಸಿಕೊಂಡು ‘ನಾನು ಅಪ್ರೈಸರ್’ ಅನ್ನಬಹುದು. ಹಾಗಾಗಿ ಒಳ್ಳೆಯವರನ್ನು ಆರಿಸಿಕೊಳ್ಳುವ ಜವಾಬ್ದಾರಿ ಪೂರ್ತಿ ನಮ್ಮದೇ. ಮಾವನವರು ತೀರಿಕೊಂಡಾಗ ಉಯಿಲಿನಲ್ಲಿ ಆಸ್ತಿ ಹಂಚುವ ಹೊಣೆಗೆ ನನ್ನ ಹೆಸರು ಇದ್ದಿದ್ದರಿಂದ ಈ ಕೆಲಸ ನನ್ನ ಪಾಲಿಗೆ ಬಂತು. ಇಂಥದ್ದೇ ಪರಿಸ್ಥಿತಿಯಲ್ಲಿ ಇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಫೋನ್ ಮಾಡುವ ಮೊದಲು ನಾವೇ ಕೂತು ತೀರ್ಮಾನ ಮಾಡಬೇಕಾದ ವಿಷಯ ಒಂದಿದೆ. ಬೆಲೆ ಯಾಕೆ ಬೇಕು? ಒಂದೇ ಚಿತ್ರಕ್ಕೆ ಒಂದೇ ದಿನ ಬೇರೆ ಬೇರೆ ಬೆಲೆ ಇರುತ್ತದೆ, ಎಲ್ಲವೂ ಸರಿಯಾದ ಬೆಲೆಯೇ. ಇನ್ಶೂರೆನ್ಸ್‌ಗಾದರೆ, ಕಳೆದುಹೋದರೆ ಅಂಥದ್ದನ್ನೇ ಮತ್ತೆ ಅಂಗಡಿಯಿಂದ ತರಲು ಎಷ್ಟಾಗುತ್ತದೆ ಅನ್ನುವ ಲೆಕ್ಕ. ಇದು ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ. ಆಸ್ತಿ ಹಂಚಿಕೆಗೆ, ತೆರಿಗೆಗೆ ಬೇಕಾಗಿದ್ದು ‘ಫೇರ್ ಮಾರ್ಕೆಟ್ ವ್ಯಾಲ್ಯೂ’. ಕೊಳ್ಳುವವರಿಗೂ ಮಾರುವವರಿಗೂ ಒತ್ತಾಯವಿಲ್ಲದೆ, ಇಬ್ಬರಿಗೂ ವಸ್ತುವಿನ ವಿಷಯ ಸರಿಯಾಗಿ ಗೊತ್ತಿದ್ದು, ವ್ಯಾಪಾರ ಕುದುರುವ ಬೆಲೆ ಅದು. ಆಸ್ತಿಯ ಲೆಕ್ಕದಲ್ಲಿ ಸಾಮಾನ್ಯವಾಗಿ ತೀರಿಕೊಂಡ ದಿನದ ಬೆಲೆಯನ್ನೇ ಹಿಡಿಯಬೇಕು. ಮುಂದೆ ಮಕ್ಕಳು ಮಾರಿದರೆ ಲಾಭದ ತೆರಿಗೆಯನ್ನೂ ಆ ಬೆಲೆಯಿಂದಲೇ ಲೆಕ್ಕ ಹಾಕುತ್ತಾರೆ. ಇನ್ನು ಮನೆ ಬೇಗ ಖಾಲಿ ಮಾಡಬೇಕು ಅಂತ ಅವಸರದಲ್ಲಿ ಮಾರಿದರೆ ಸಿಗುವುದು ಬೇರೆಯೇ, ಅದು ತೀರಾ ಕಡಿಮೆ. ನಮಗೆ ಬೇಕಾಗಿದ್ದು ನನ್ನ ಹೆಂಡತಿ, ಅವಳ ಅಣ್ಣ, ತಂಗಿ ಮೂವರಿಗೂ ಹಂಚಲು. ಜೊತೆಗೆ ಒಂದು ಚಿತ್ರವನ್ನು ಮ್ಯೂಸಿಯಂಗೆ ಕೊಡಬೇಕು ಅಂತ ಅತ್ತೆಯವರ ಆಸೆ. ಫೋನಿನಲ್ಲಿ ಮಾತಾಡಿದವರಲ್ಲಿ ‘ಬೆಲೆ ಯಾತಕ್ಕೆ ಬೇಕು?’ ಅಂತ ಕೇಳದೆ ನೇರ ‘ಎಷ್ಟು ಐಟಂ ಇದೆ?’ ಅಂದವರನ್ನೆಲ್ಲ ಅಲ್ಲಿಗೇ ಬಿಟ್ಟೆ.

ಹುಡುಕಲು ಮೂರು ಸಂಸ್ಥೆಗಳ ಸದಸ್ಯರ ಪಟ್ಟಿ ನೋಡಿದೆ: ಅಪ್ರೈಸರ್ಸ್ ಅಸೋಸಿಯೇಷನ್ ಆಫ್ ಅಮೆರಿಕ, ಅಮೆರಿಕನ್ ಸೊಸೈಟಿ ಆಫ್ ಅಪ್ರೈಸರ್ಸ್, ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಅಪ್ರೈಸರ್ಸ್. ಯಾರು ಯಾವ ವಿಷಯದಲ್ಲಿ ಪಳಗಿದವರು ಅಂತ ಅಲ್ಲೇ ಹುಡುಕಬಹುದು. ಆದರೆ ಸದಸ್ಯರಾದ ಮಾತ್ರಕ್ಕೆ ಆಯಿತು ಅಂದುಕೊಳ್ಳಬೇಡಿ. ಇವುಗಳಲ್ಲಿ ಹಂತಗಳಿವೆ. ಹೊಸದಾಗಿ ಸೇರಿದವರೂ ಇರುತ್ತಾರೆ, ಪರೀಕ್ಷೆ ಮುಗಿಸಿ, ತಾವು ಬರೆದ ರಿಪೋರ್ಟ್ ತೋರಿಸಿ ಮೇಲಿನ ಹಂತಕ್ಕೆ ಬಂದವರೂ ಇರುತ್ತಾರೆ. ಯಾವ ಹಂತ, ಯಾವ ವಿಷಯದಲ್ಲಿ ಅಂತ ನೇರವಾಗಿ ಕೇಳಿ. ಯುಎಸ್‌ಪ್ಯಾಪ್ ಬಗ್ಗೆಯೂ ಕೇಳಿ. ಅದು ಅಲ್ಲಿನ ಅಪ್ರೈಸರ್‌ಗಳ ನಿಯಮಗಳ ಪುಸ್ತಕ. ಮೊದಲು 15 ಗಂಟೆಯ ಕೋರ್ಸ್, ಆಮೇಲೆ ಎರಡು ವರ್ಷಕ್ಕೊಮ್ಮೆ 7 ಗಂಟೆಯ ಕೋರ್ಸ್ ಮಾಡಬೇಕು. ಸರಿಯಾದವರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ, ತಾವೇ ಬಯೋಡೇಟಾ ಕಳಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಬೆಲೆ ಕಟ್ಟುವವರಿಗೆ ಆ ವಸ್ತುವಿನ ಮೇಲೆ ಕಣ್ಣಿರಬಾರದು. ಒಬ್ಬ ಡೀಲರ್ ‘ಫ್ರೀಯಾಗಿ ಬೆಲೆ ಹೇಳ್ತೀನಿ, ಇಷ್ಟವಾದರೆ ನಾನೇ ತಗೋತೀನಿ’ ಅಂದರು. ತಾನೇ ಕೊಳ್ಳುವವನು ಬೆಲೆ ಏರಿಸಿ ಯಾಕೆ ಹೇಳುತ್ತಾನೆ, ಅಲ್ವಾ? ಇನ್ನೊಬ್ಬರು ಒಟ್ಟು ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಫೀಸು ಅಂದರು. ಬೆಲೆ ಏರಿದಷ್ಟೂ ಅವರ ಫೀಸೂ ಏರುತ್ತದೆ. ಯುಎಸ್‌ಪ್ಯಾಪ್ ಇದಕ್ಕೆ ಅವಕಾಶ ಕೊಡುವುದಿಲ್ಲ. ದಾನದ ರಿಪೋರ್ಟ್‌ಗೆ ಇಂಥ ಫೀಸನ್ನು ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಕೂಡ ಒಪ್ಪುವುದಿಲ್ಲ. ಗಂಟೆಯ ಲೆಕ್ಕವೋ, ಇಡೀ ಕೆಲಸಕ್ಕೆ ಇಷ್ಟು ಅಂತಲೋ ಇರಬೇಕು. ಅದೂ ಕಾಗದದ ಮೇಲೆ, ಕೆಲಸ ಶುರುವಾಗುವ ಮೊದಲು. ಭಾವನವರಿಗೆ ಮಾತ್ರ ಸಮಾಧಾನವಿರಲಿಲ್ಲ. ‘ಫ್ರೀಯಾಗಿ ಮಾಡಿಕೊಡುವವರು ಇರುವಾಗ ಸುಮ್ನೆ ದುಡ್ಡು ಯಾಕೆ ಕೊಡಬೇಕು?’ ಅಂದರು. ‘ಭಾವ, ನಾಳೆ ನಿಮ್ಮ ಮೂವರಲ್ಲಿ ಒಬ್ಬರಿಗೆ ಅನುಮಾನ ಬಂದರೆ ತೋರಿಸಲು ನನ್ನ ಹತ್ತಿರ ಏನಿರುತ್ತದೆ?’ ಅಂದೆ. ಆಮೇಲೆ ಒಪ್ಪಿದರು.

ಹಳೆಯ ರಿಪೋರ್ಟ್ ಒಂದನ್ನು, ಹೆಸರುಗಳನ್ನು ಅಳಿಸಿ, ತೋರಿಸಿ ಅಂತ ಎಲ್ಲರನ್ನೂ ಕೇಳಿದೆ. ಆಯ್ಕೆ ಸುಲಭವಾಗಿದ್ದು ಅಲ್ಲೇ. ಕೆಲವರದ್ದು ‘ತೈಲಚಿತ್ರ, ಚೆನ್ನಾಗಿದೆ’ ಅಂತ ಹೇಳಿ ಮುಂದೆ ಒಂದು ಬೆಲೆ, ಅಷ್ಟೇ. ಕೊನೆಗೆ ನಾವು ಆರಿಸಿದ ಮಹಿಳೆಯ ರಿಪೋರ್ಟ್‌ನಲ್ಲಿ ಒಂದೊಂದು ವಸ್ತುವಿಗೂ ಅಳತೆ, ಸಹಿ ಎಲ್ಲಿದೆ, ಎಲ್ಲಿ ಬಣ್ಣ ಎದ್ದಿದೆ, ಯಾರ ಕೈಯಿಂದ ಯಾರ ಕೈಗೆ ಬಂತು, ಫೋಟೋ, ಅಂಥದ್ದೇ ಬೇರೆ ವಸ್ತುಗಳು ಯಾವ ಹರಾಜಿನಲ್ಲಿ ಎಷ್ಟಕ್ಕೆ ಹೋದವು, ಅವಕ್ಕೂ ಇದಕ್ಕೂ ಏನು ವ್ಯತ್ಯಾಸ, ಎಲ್ಲ ಇತ್ತು. ಕೊನೆಯಲ್ಲಿ ‘ಈ ವಸ್ತುಗಳಲ್ಲಿ ನನಗೆ ಯಾವ ಲಾಭವೂ ಇಲ್ಲ’ ಅಂತ ಸಹಿ ಹಾಕಿದ ಹೇಳಿಕೆ. ಅವರು ಫೋನಿನಲ್ಲೇ ‘ಭಾರತದ ಚಿತ್ರ, ಅಚ್ಚಿನ ಪಟ ನೋಡ್ತೀನಿ, ಆದರೆ ಕಂಚಿನ ವಿಗ್ರಹ ನನ್ನ ವಿಷಯವಲ್ಲ, ಅದಕ್ಕೆ ಬೇರೆಯವರನ್ನು ಕರೆಸ್ತೀನಿ’ ಅಂದಿದ್ದರು. ಎಲ್ಲವೂ ನನಗೆ ಗೊತ್ತು ಅನ್ನುವವರಿಗಿಂತ ಈ ಮಾತಿಗೆ ನನ್ನ ಗೌರವ ಜಾಸ್ತಿ.

ಅವರು ಕೆಲಸ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ದೇವರ ಕೋಣೆಯಲ್ಲಿ ರವಿವರ್ಮ ಪ್ರೆಸ್ಸಿನದು ಅಂತ ಮನೆಯವರೆಲ್ಲ ನಂಬಿದ್ದ ಎರಡು ಲಕ್ಷ್ಮಿ ಪಟಗಳಿದ್ದವು. ಆ ಪ್ರೆಸ್ ಶುರುವಾಗಿದ್ದು 1894ರಲ್ಲಿ, ಮುಂಬೈಯಲ್ಲಿ. ದೂರದಿಂದ ಎರಡೂ ಒಂದೇ ಥರ. ಅವರು ಫ್ರೇಮು ಬಿಚ್ಚಿ ಭೂತಗನ್ನಡಿ ನನ್ನ ಕೈಗೇ ಕೊಟ್ಟರು. ಒಂದರಲ್ಲಿ ಲಕ್ಷ್ಮಿಯ ಕೆನ್ನೆಯ ಬಣ್ಣ ಸಣ್ಣ ಸಣ್ಣ ಚುಕ್ಕಿಗಳು, ಒಂದು ದಪ್ಪ, ಒಂದು ಸಣ್ಣ, ಮನಸ್ಸಿಗೆ ಬಂದ ಹಾಗೆ ಚೆಲ್ಲಿದಂತೆ. ಅದು ಕಲ್ಲಿನ ಮೇಲೆ ಕೈಯಲ್ಲಿ ಚುಕ್ಕಿ ಇಟ್ಟು, ಒಂದೊಂದು ಬಣ್ಣಕ್ಕೂ ಬೇರೆ ಕಲ್ಲಿನಿಂದ ಅಚ್ಚು ಹಾಕಿದ್ದು. ಇನ್ನೊಂದರಲ್ಲಿ ಚುಕ್ಕಿಗಳು ಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ, ಎಲ್ಲೆಲ್ಲೂ ಒಂದೇ ಸಮ. ಅದು ಆಮೇಲೆ ಫೋಟೋ ತೆಗೆದು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿದ್ದು. ಒಂದು ತೈಲಚಿತ್ರಕ್ಕೆ ಕೋಣೆ ಕತ್ತಲೆ ಮಾಡಿ ಯುವಿ ಟಾರ್ಚ್ ಹಿಡಿದರು. ಹಳೆ ವಾರ್ನಿಷ್ ಹಸಿರಾಗಿ ಹೊಳೆಯಿತು, ಆಮೇಲೆ ಯಾರೋ ತೇಪೆ ಹಾಕಿದ ಜಾಗ ಮಾತ್ರ ಕಪ್ಪಗೆ ಕಂಡಿತು. ಫೋಟೋ ನೋಡಿಯೇ ಬೆಲೆ ಹೇಳುತ್ತೇನೆ ಅನ್ನುವವರಿಗೆ ಇದೆಲ್ಲ ಹೇಗೆ ಕಾಣಬೇಕು?

ಬೆಲೆ ಕಟ್ಟುವುದು ಬೇರೆ, ಅಸಲಿಯೋ ಅಲ್ಲವೋ ಅಂತ ಹೇಳುವುದು ಬೇರೆ, ಇದನ್ನೂ ಅವರೇ ತಿಳಿಸಿದರು. ದೊಡ್ಡ ಕಲಾವಿದರ ಹೆಸರಿರುವ ಚಿತ್ರವಾದರೆ ಆ ಕಲಾವಿದರ ಕೆಲಸವನ್ನೇ ಓದಿಕೊಂಡವರ ಹತ್ತಿರ ಹೋಗಬೇಕು.

ಮ್ಯೂಸಿಯಂಗೆ ಕೊಡುವ ಚಿತ್ರಕ್ಕೆ ಬೇರೆ ರಿಪೋರ್ಟ್ ಮಾಡಿಸಿದೆವು. ಅಮೆರಿಕದಲ್ಲಿ 5,000 ಡಾಲರ್‌ಗಿಂತ ಜಾಸ್ತಿ ತೆರಿಗೆ ವಿನಾಯಿತಿ ಕೇಳಿದರೆ ಅರ್ಹ ಅಪ್ರೈಸರ್ ರಿಪೋರ್ಟ್ ಬೇಕು, 8283 ಅನ್ನುವ ಫಾರ್ಮಿನಲ್ಲಿ ಅವರ ಸಹಿಯೂ ಬೇಕು. ಕಲಾಕೃತಿಗೆ 20,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೇಳಿದರೆ ಪೂರ್ತಿ ರಿಪೋರ್ಟನ್ನೇ ಲಗತ್ತಿಸಬೇಕು. ರಿಪೋರ್ಟ್‌ನ ತಾರೀಖು ಚಿತ್ರ ಕೊಡುವ ದಿನಕ್ಕಿಂತ 60 ದಿನಕ್ಕೂ ಹಿಂದಿನದು ಆಗಿರಬಾರದು. ಚಿತ್ರವನ್ನು ಪಡೆಯುವ ಮ್ಯೂಸಿಯಂನವರೇ ಬೆಲೆ ಕಟ್ಟುವ ಹಾಗೂ ಇಲ್ಲ.

ಹಂಚುವಾಗ ಒಬ್ಬೊಬ್ಬರು ಒಂದೊಂದು ಸುತ್ತಿನಲ್ಲಿ ಬೇಕಾದ್ದನ್ನು ಆರಿಸಿಕೊಂಡರು, ರಿಪೋರ್ಟ್‌ನ ಬೆಲೆಯನ್ನು ಅವರವರ ಪಾಲಿಗೆ ಹಾಕಿದೆವು. ಅಪ್ರೈಸರ್ ತಮ್ಮ ಕಡತವನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮವಿದೆ. ಆದರೂ ಒಂದೊಂದು ಪ್ರತಿ ಮೂವರ ಹತ್ತಿರವೂ ಇದೆ. ಚಿತ್ರಗಳನ್ನು ಇನ್ಶೂರ್ ಮಾಡಿಸುವಾಗ ಇದೇ ರಿಪೋರ್ಟ್ ತೋರಿಸಬೇಡಿ, ಅದಕ್ಕೆ ಬೇರೆ ಬೆಲೆ ಬೇಕು ಅಂತ ಭಾವನವರಿಗೆ ಮೊನ್ನೆ ತಾನೇ ಹೇಳಿದೆ.