ಪಿ.ಎಫ್. ಪೆನ್ಷನ್ ಒಂದನ್ನೇ ನೆಚ್ಚಿ ಕೂರಲಿಲ್ಲ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ 16 ವರ್ಷ ದುಡಿದು, 2013ರಲ್ಲಿ 58 ತುಂಬಿದಾಗ ನಿವೃತ್ತನಾದೆ. ಪಿ.ಎಫ್. ಪೆನ್ಷನ್ ಲೆಕ್ಕ ಇಷ್ಟೇ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಕೈಗೆ ಎಷ್ಟೇ ಬರುತ್ತಿದ್ದರೂ ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 6,500 ರೂಪಾಯಿ; ಅದು 15,000 ಆದದ್ದು 2014ರ ಸೆಪ್ಟೆಂಬರಿನಲ್ಲಿ. ನನಗೆ ತಿಂಗಳಿಗೆ ಸುಮಾರು 1,485 ಗೊತ್ತಾಯಿತು. ಇವತ್ತಿಗೂ ಅಷ್ಟೇ. ಸರ್ಕಾರಿ ನೌಕರರ ಪೆನ್ಷನ್ನಿಗೆ ತುಟ್ಟಿಭತ್ಯೆ ಉಂಟು, ನಮ್ಮದಕ್ಕಿಲ್ಲ. ಅಕ್ಕಿ, ಬೇಳೆ, ಬಿ.ಪಿ. ಮಾತ್ರೆ ಎಲ್ಲದರ ಬೆಲೆ ಏರುವಾಗ ಇದೊಂದು ನಿಂತಲ್ಲೇ ನಿಂತಿರುತ್ತದೆ. ವರ್ಷಗಟ್ಟಲೆ ಬೆವರು ಸುರಿಸಿದವರಿಗೆ ಇದು ಅನ್ಯಾಯ.

ಪಿ.ಎಫ್., ಗ್ರಾಚ್ಯುಟಿ ಸೇರಿ ಬಂದ ಹಣದಲ್ಲಿ 5 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಸೈಟು ತಗೋ, ಬಡ್ಡಿಗೆ ಬಿಡು ಅಂತ ನೆಂಟರು ಹೇಳದೆ ಇರಲಿಲ್ಲ. 60 ಆಗದಿದ್ದರೂ ನಿವೃತ್ತಿಯ ಹಣ ಕೈಗೆ ಬಂದ ಒಂದು ತಿಂಗಳೊಳಗೆ ಇಟ್ಟರೆ ಆಗ ತೆಗೆದುಕೊಳ್ಳುತ್ತಿದ್ದರು. ಬಡ್ಡಿ 9.2%, ಮೂರು ತಿಂಗಳಿಗೆ 11,500. ಖಾತೆ ಹೆಂಡತಿಯ ಜೊತೆ ಜಂಟಿ. ಇದು ಮುಖ್ಯ: ನಾನು ಹೋದಮೇಲೆ ಅವಳಿಗೆ ಪೆನ್ಷನ್ ಅರ್ಧವೇ, ಕನಿಷ್ಠ 1,000 ಅನ್ನುವ ನಿಯಮದಿಂದ ಸಾವಿರಕ್ಕೆ ನಿಲ್ಲುತ್ತದೆ. ಜಂಟಿ ಖಾತೆಯಾದರೆ ಅವಳೇ ಮುಂದುವರಿಸಬಹುದು.

2021ರಲ್ಲಿ ಹಳೆಯ ಖಾತೆಯ ಅವಧಿ ಮುಗಿದು ಹೊಸ ಖಾತೆ ತೆರೆಯುವ ಹೊತ್ತಿಗೆ ಬಡ್ಡಿ 7.4%ಗೆ ಇಳಿದಿತ್ತು, ಮೂರು ತಿಂಗಳಿಗೆ ಕೈಗೆ ಬರುವುದು 9,250. ಆ ದಿನಗಳು ಬಿಗಿಯಾಗಿದ್ದವು. 2023ರ ಏಪ್ರಿಲ್‌ನಿಂದ ದರ 8.2% ಆಯಿತು, ಆದರೆ ಹೊಸ ಖಾತೆಗೆ ಮಾತ್ರ. ಎರಡು ವರ್ಷ ಕಳೆದಮೇಲೆ ಮುಚ್ಚಿದರೆ ಅಸಲಿನಲ್ಲಿ 1% ಕಡಿತ, ಅಂದರೆ 5,000. ಹೆಚ್ಚಾಗುವ ಬಡ್ಡಿ ವರ್ಷಕ್ಕೆ 4,000. ಒಂದೂಕಾಲು ವರ್ಷದಲ್ಲಿ ಕಳೆದದ್ದು ಬರುತ್ತದೆ ಅಂತ ಲೆಕ್ಕ ಹಾಕಿ, ಎರಡು ವರ್ಷ ತುಂಬಿದ ಕೂಡಲೇ ಮುಚ್ಚಿದೆ. ಕಡಿತವಾದ 5,000 ಕೈಯಿಂದ ತುಂಬಿ ಮತ್ತೆ ತೆರೆದೆ. ಕೌಂಟರಿನ ಹುಡುಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಈಗ ತಿಂಗಳಿಗೆ ಪೆನ್ಷನ್, ಬಡ್ಡಿ ಎರಡೂ ಸೇರಿ ಸುಮಾರು 4,900. ಸ್ವಂತ ಮನೆಯಿದೆ, ಆದ್ದರಿಂದ ಸಾಗುತ್ತದೆ. ಬಾಡಿಗೆಯಲ್ಲಿರುವ ನನ್ನ ಜೊತೆಗಾರರಿಗೆ ಇದು ಏತಕ್ಕೂ ಸಾಲದು. ಅವರಲ್ಲಿ ಕೆಲವರು ಈ ವಯಸ್ಸಿನಲ್ಲೂ ರಾತ್ರಿ ಪಾಳಿ ಸೆಕ್ಯೂರಿಟಿ ಕೆಲಸ ಮಾಡುತ್ತಿದ್ದಾರೆ.

ನಿವೃತ್ತಿ ಹತ್ತಿರವಾದವರು ಮನೆಗೆ ಬಂದರೆ ಕಾಗದ ಹಿಡಿದು ಕೂರುತ್ತೇನೆ. ಮೊನ್ನೆ ಒಬ್ಬರು 54ಕ್ಕೇ ಪೆನ್ಷನ್ ಶುರುಮಾಡುತ್ತೇನೆ ಅಂದರು. 58ಕ್ಕೆ ಎಷ್ಟು ವರ್ಷ ಮುಂಚೆ ಪಡೆದರೆ ಅಷ್ಟು ವರ್ಷಕ್ಕೆ ತಲಾ 4% ಕಡಿತ, ಅದೂ ಜೀವಮಾನವಿಡೀ. ನಾಲ್ಕು ವರ್ಷಕ್ಕೆ ಕೈತಪ್ಪುವ ಮೊತ್ತ ಬರೆದು ತೋರಿಸಿದೆ. ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಹೆಂಡತಿಯ ಹೆಸರು ನಾಮಿನೇಷನ್‌ನಲ್ಲಿ ಸರಿಯಾಗಿದೆಯೇ ನೋಡುತ್ತೇನೆ ಅಂತ ಹೊರಟರು.