ಸಂಬಳ ಕಡಿತದ ಪತ್ರ ಬಂದಾಗ: ದಿವಾಳಿಯತ್ತ ಸಾಗುವ ವಿಮಾನ ಕಂಪನಿಯ ಪೈಲಟ್‌ಗಳಿಗೆ ಮಾರ್ಗದರ್ಶಿ

ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿ ಹೊಂದಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸುವ ಹೊತ್ತಿಗೆ ಅದರ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಬಾರಿ ಹಾರಿದಾಗ ಅದರ ಪೈಲಟ್‌ಗಳು ಆ ವರ್ಷದ ಆರಂಭದಿಂದಲೂ ಸಂಬಳಕ್ಕಾಗಿ ಕಾಯುತ್ತಿದ್ದರು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ತಾನಾಗಿಯೇ ದಿವಾಳಿ ಅರ್ಜಿ ಹಾಕಿ ಮರುದಿನದಿಂದಲೇ ವಿಮಾನಗಳನ್ನು ನಿಲ್ಲಿಸಿತು. ಈ ಮೂರೂ ಕಂಪನಿಗಳ ಕಥೆಯಿಂದ ಪೈಲಟ್ ಕಲಿಯಬೇಕಾದದ್ದು ಇಷ್ಟು: ಕಂಪನಿ ಹಾರುತ್ತಿರುವವರೆಗೆ ನಿಮ್ಮ ಮಾತಿಗೆ ಬೆಲೆಯಿರುತ್ತದೆ, ಅದು ದಿವಾಳಿ ಅರ್ಜಿ ಆಲಿಸುವ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ ಮೇಲೆ ನಿಮ್ಮ ಬಳಿ ಇರುವ ಕಾಗದಕ್ಕಷ್ಟೇ ಬೆಲೆ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ದಿವಾಳಿಗಿಂತ ಮುಂಚಿನ ದಿನಗಳ ಕುರಿತೇ ಇದೆ.

ಮೊದಲ ಪತ್ರವನ್ನು ಓದುವ ಬಗೆ

ಸಾಮಾನ್ಯವಾಗಿ ಸಂಬಳ ಮೊದಲು ನಾಲ್ಕು ದಿನ ತಡವಾಗುತ್ತದೆ, ಬಳಿಕ ಕಂತಿನಲ್ಲಿ ಬರುತ್ತದೆ, ಆಮೇಲೆ ಆಡಳಿತ ಮಂಡಳಿಯಿಂದ ಒಂದು ಪತ್ರ ಬರುತ್ತದೆ. ಆ ಪತ್ರದಲ್ಲಿ ಸಂಸ್ಥೆಯ ಕುಟುಂಬ, ಕಷ್ಟಕಾಲ, ಸಹಕಾರ ಎಂಬ ಮಾತುಗಳಿರುತ್ತವೆ. ಇಷ್ಟು ವರ್ಷ ಅನ್ನ ಕೊಟ್ಟ ಸಂಸ್ಥೆಯ ಋಣ ತೀರಿಸಬೇಕೆಂಬ ಭಾವನೆ ನಮ್ಮಲ್ಲಿ ಸಹಜವಾದದ್ದು, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಸಹಿ ಹಾಕುವ ಮೊದಲು ಪತ್ರದಲ್ಲಿ ಒಂದೇ ಒಂದು ವಿಷಯವನ್ನು ಹುಡುಕಿ: ಕೊಡದೆ ಉಳಿಸಿಕೊಂಡ ಹಣವನ್ನು ಕಂಪನಿ ನಿಮಗೆ ಕೊಡಬೇಕಾದ ಬಾಕಿ ಎಂದು ಒಪ್ಪಿಕೊಂಡಿದೆಯೇ, ಅಥವಾ ನಿಮ್ಮ ಸಂಬಳವನ್ನೇ ಕಡಿಮೆಗೆ ನಿಗದಿ ಮಾಡಿದೆಯೇ?

ಒಂದು ಲೆಕ್ಕ ನೋಡೋಣ. ತಿಂಗಳಿಗೆ 3 ಲಕ್ಷ ರೂಪಾಯಿ ಒಪ್ಪಂದದ ಸಂಬಳವಿರುವ ಸಹಪೈಲಟ್ ಒಬ್ಬರಿಗೆ ಮೂರು ತಿಂಗಳು 1.8 ಲಕ್ಷದಂತೆ ಸಿಕ್ಕಿತು, ನಂತರದ ಎರಡು ತಿಂಗಳು ಏನೂ ಸಿಗಲಿಲ್ಲ, ಅಷ್ಟರಲ್ಲಿ ಕಂಪನಿ ದಿವಾಳಿಯಾಯಿತು ಎಂದುಕೊಳ್ಳಿ. ಪತ್ರದಲ್ಲಿ ‘ಸಂಬಳದ ಶೇ 40ರಷ್ಟು ಭಾಗದ ಪಾವತಿಯನ್ನು ಮುಂದೂಡಲಾಗಿದೆ’ ಎಂದಿದ್ದರೆ ಅವರ ಬಾಕಿ, ಮೂರು ತಿಂಗಳ 3.6 ಲಕ್ಷ ಮತ್ತು ಎರಡು ತಿಂಗಳ 6 ಲಕ್ಷ ಸೇರಿ, 9.6 ಲಕ್ಷ. ಅದೇ ಪತ್ರದಲ್ಲಿ ‘ಸಂಬಳವನ್ನು 1.8 ಲಕ್ಷಕ್ಕೆ ಪರಿಷ್ಕರಿಸಲಾಗಿದೆ, ಇದಕ್ಕೆ ನನ್ನ ಒಪ್ಪಿಗೆಯಿದೆ’ ಎಂದಿದ್ದು ಅವರು ಸಹಿ ಹಾಕಿದ್ದರೆ ಬಾಕಿ ಕೇವಲ 3.6 ಲಕ್ಷ. ಒಂದು ಸಹಿಯಲ್ಲಿ 6 ಲಕ್ಷ ಕರಗಿಹೋಯಿತು.

ಇನ್ನೊಂದು ಕಡಿತ ಸಂಬಳದ ಚೀಟಿಯಲ್ಲಿ ಎದ್ದು ಕಾಣುವುದಿಲ್ಲ. ಪೈಲಟ್‌ಗಳ ಆದಾಯದ ದೊಡ್ಡ ಪಾಲು ಹಾರಾಟ ಭತ್ಯೆ. ಎಷ್ಟೇ ಕಡಿಮೆ ಹಾರಿದರೂ ಇಂತಿಷ್ಟು ಗಂಟೆಗಳ ಭತ್ಯೆ ಖಚಿತ ಎಂಬ ಷರತ್ತು ಹಲವು ಒಪ್ಪಂದಗಳಲ್ಲಿರುತ್ತದೆ. ಮೂಲ ವೇತನವನ್ನು ಮುಟ್ಟದೆ ಈ ಖಚಿತ ಗಂಟೆಗಳನ್ನು 70ರಿಂದ 40ಕ್ಕೆ ಇಳಿಸಿದರೆ, ವಿಮಾನಗಳು ನೆಲದಲ್ಲೇ ನಿಂತಿರುವ ಕಾಲದಲ್ಲಿ ಅದು ನೇರ ಸಂಬಳ ಕಡಿತವೇ ಆಗುತ್ತದೆ. ಆದ್ದರಿಂದ ಶೇಕಡಾವಾರು ನೋಡಿ ಸುಮ್ಮನಾಗದೆ ಗಂಟೆಗಳ ಷರತ್ತನ್ನೂ ಓದಬೇಕು.

ಬಿಟ್ಟುಕೊಡುವುದಾದರೆ ಏನನ್ನು ಕೇಳಬೇಕು

ಒಬ್ಬೊಬ್ಬರಾಗಿ ಮಾನವ ಸಂಪನ್ಮೂಲ ವಿಭಾಗದ ಬಾಗಿಲು ತಟ್ಟಬೇಡಿ, ಪೈಲಟ್‌ಗಳ ಸಂಘದ ಮೂಲಕವೇ ಮಾತನಾಡಿ. ಕಡಿತಕ್ಕೆ ಕೊನೆಯ ದಿನಾಂಕ ಇರಬೇಕು, ಆ ದಿನ ಹಳೆಯ ಸಂಬಳ ತಾನಾಗಿಯೇ ಜಾರಿಗೆ ಬರಬೇಕು, ಉಳಿಸಿಕೊಂಡ ಹಣ ಬಾಕಿಯೆಂದು ಲಿಖಿತವಾಗಿ ದಾಖಲಾಗಬೇಕು, ಮತ್ತು ಅಷ್ಟರಲ್ಲಿ ದಿವಾಳಿ ಅರ್ಜಿ ದಾಖಲಾದರೆ ಕಡಿತದ ಒಪ್ಪಂದವೇ ರದ್ದಾಗಿ ಪೂರ್ಣ ಸಂಬಳದ ಲೆಕ್ಕ ಮರಳಬೇಕು. ಈ ಕೊನೆಯ ಷರತ್ತಿಗೆ ನ್ಯಾಯಮಂಡಳಿ ಎಷ್ಟು ಬೆಲೆ ಕೊಡುತ್ತದೆ ಎಂಬುದು ಅದನ್ನು ಬರೆದ ರೀತಿಯನ್ನು ಅವಲಂಬಿಸಿರುತ್ತದೆ, ವಕೀಲರಿಂದಲೇ ಬರೆಸಿ.

ಅಮೆರಿಕದ ಕಾನೂನಿನಲ್ಲಿ ದಿವಾಳಿ ನ್ಯಾಯಾಲಯಕ್ಕೆ ಹೋದ ಕಂಪನಿಯೂ ಸಂಘದೊಂದಿಗೆ ಮಾತುಕತೆ ನಡೆಸದೆ ಕಾರ್ಮಿಕ ಒಪ್ಪಂದವನ್ನು ಮುರಿಯುವಂತಿಲ್ಲ. 2011ರ ನವೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ದಿವಾಳಿ ರಕ್ಷಣೆ ಕೋರಿದಾಗ ಅದರ ಪೈಲಟ್‌ಗಳು ಬಹಳಷ್ಟನ್ನು ಬಿಟ್ಟುಕೊಟ್ಟರೂ, ಪುನರ್ರಚಿತ ಕಂಪನಿಯಲ್ಲಿ ಶೇ 13.5ರಷ್ಟು ಪಾಲನ್ನು ಮರುವರ್ಷದ ಒಪ್ಪಂದದಲ್ಲಿ ಪಡೆದರು. ನಮ್ಮ ದಿವಾಳಿ ಸಂಹಿತೆಯಲ್ಲಿ ಸಿಬ್ಬಂದಿಗೆ ಅಂಥ ಮಾತುಕತೆಯ ಮೇಜು ಇಲ್ಲ. ಸಾಲದಾತರ ಸಮಿತಿಯಲ್ಲಿ ಮತ ಹಾಕುವವರು ಬ್ಯಾಂಕುಗಳಂಥ ಹಣಕಾಸು ಸಾಲದಾತರು. ಸಂಬಳದ ಬಾಕಿಯುಳ್ಳ ನೌಕರರು ವ್ಯವಹಾರ ಸಾಲದಾತರ ಗುಂಪಿಗೆ ಸೇರುತ್ತಾರೆ, ಅವರಿಗೆ ಮತವಿಲ್ಲ. ಇಲ್ಲಿ ಚೌಕಾಸಿ ಮಾಡಬೇಕಾದ ಹೊತ್ತು ಅರ್ಜಿಗಿಂತ ಮುಂಚೆಯೇ.

ಕಾಗದಗಳನ್ನು ಇಂದೇ ಕೂಡಿಡಿ

ಹಾರಾಟ ನಿಂತ ಕೆಲವೇ ದಿನಗಳಲ್ಲಿ ಕಂಪನಿಯ ಇ-ಮೇಲ್, ರೋಸ್ಟರ್ ಆ್ಯಪ್, ಸಂಬಳದ ಚೀಟಿಯ ಪೋರ್ಟಲ್ ಎಲ್ಲವೂ ಮುಚ್ಚಿಹೋಗಬಹುದು, ಏಕೆಂದರೆ ಆ ಸಾಫ್ಟ್‌ವೇರ್ ಮಾರಾಟಗಾರರಿಗೂ ಹಣ ಬಾಕಿಯಿರುತ್ತದೆ. ನೇಮಕಾತಿ ಪತ್ರ, ನಂತರದ ಪ್ರತಿಯೊಂದು ತಿದ್ದುಪಡಿ, ಕನಿಷ್ಠ ಎರಡು ವರ್ಷಗಳ ಸಂಬಳದ ಚೀಟಿ, ಬ್ಯಾಂಕ್ ಖಾತೆಯ ವಿವರ, ಫಾರಂ 16, ರೋಸ್ಟರ್, ಹಾರಾಟದ ಗಂಟೆಗಳ ಲೆಕ್ಕ, ರಜೆಯ ಶಿಲ್ಕು, ತಂಗುಭತ್ಯೆಯ ಬಾಕಿ ಇವೆಲ್ಲವನ್ನೂ ನಿಮ್ಮ ಸ್ವಂತ ಸ್ಥಳದಲ್ಲಿ ಇರಿಸಿಕೊಳ್ಳಿ. ಪ್ರಯಾಣಿಕರ ಮಾಹಿತಿ ಅಥವಾ ಕಂಪನಿಯ ಗೋಪ್ಯ ದಾಖಲೆಗಳನ್ನು ಮುಟ್ಟಬೇಡಿ. ನಿಮ್ಮ ಹೆಸರಿನ ಕಾಗದಗಳಷ್ಟೇ ಸಾಕು. ಸಂಬಳ ತಡವಾದ ಪ್ರತಿ ತಿಂಗಳೂ ‘ಇಂಥ ತಿಂಗಳ ಇಷ್ಟು ಹಣ ಇನ್ನೂ ಬಂದಿಲ್ಲ’ ಎಂದು ಒಂದು ಸಾಲಿನ ಇ-ಮೇಲ್ ಬರೆದು ಅದರ ಪ್ರತಿಯನ್ನೂ ಇಟ್ಟುಕೊಳ್ಳಿ.

ಭವಿಷ್ಯ ನಿಧಿಯ ಪಾಸ್‌ಬುಕ್ಕನ್ನು ಉಮಂಗ್ ಆ್ಯಪ್‌ನಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ. ಸಂಬಳದಿಂದ ಕಡಿತವಾಗಿಯೂ ನಿಧಿಗೆ ಜಮಾ ಆಗದಿದ್ದರೆ, ಅದು ಕಂಪನಿಯ ನಗದು ಬತ್ತುತ್ತಿರುವುದರ ಮೊದಲ ಗಟ್ಟಿ ಸುಳಿವು. ಅದೇ ರೀತಿ ಮೂಲದಲ್ಲೇ ಕಡಿತವಾದ ತೆರಿಗೆ, ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಸರ್ಕಾರಿ ವಿವರದಲ್ಲಿ (ಫಾರಂ 26ಎಎಸ್) ಕಾಣುತ್ತಿದೆಯೇ ಎಂದು ಪರೀಕ್ಷಿಸಿ. ಕಂಪನಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟದಿದ್ದಾಗ ನೋಟಿಸು ನೌಕರರ ಮನೆಗೇ ಬಂದ ಉದಾಹರಣೆಗಳಿವೆ. 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಕಲಂ, ಹಿಡಿದುಕೊಂಡ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳಬಾರದೆಂದು ಹೇಳುತ್ತದೆ. ಆ ಕಾಯ್ದೆಯ ಅವಧಿಯ ಬೇಡಿಕೆಗೆ, ತೆರಿಗೆ ಹಿಡಿದದ್ದನ್ನು ತೋರಿಸುವ ಸಂಬಳದ ಚೀಟಿಯೊಂದಿಗೆ ಇದನ್ನೇ ಉತ್ತರವಾಗಿ ಬರೆಯಿರಿ.

ನ್ಯಾಯಮಂಡಳಿ ಅರ್ಜಿಯನ್ನು ಅಂಗೀಕರಿಸಿದ ಮೇಲೆ

ಅಂದಿನಿಂದ ಋಣಸ್ತಂಭನ ಜಾರಿಗೆ ಬರುತ್ತದೆ. ಸಂಬಳಕ್ಕಾಗಿ ಕಂಪನಿಯ ಮೇಲೆ ಹೂಡಿದ ದಾವೆಗಳು ಅಲ್ಲಿಗೇ ನಿಲ್ಲುತ್ತವೆ, ಆಡಳಿತ ನ್ಯಾಯಮಂಡಳಿ ನೇಮಿಸುವ ಹಂಗಾಮಿ ಪರಿಹಾರ ವೃತ್ತಿಪರರ ಕೈಗೆ ಹೋಗುತ್ತದೆ. ಅವರು ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ನೀಡುತ್ತಾರೆ; ನೌಕರರ ಕ್ಲೇಮು ಸಲ್ಲಿಸುವುದು ‘ಡಿ’ ನಮೂನೆಯಲ್ಲಿ, ಕಾಲಾವಕಾಶ ಸಾಮಾನ್ಯವಾಗಿ ಅವರ ನೇಮಕದಿಂದ 14 ದಿನ. ಕೊನೆಯ ದಿನ ದಾಟಿದರೂ ಕೈಬಿಡಬೇಡಿ, ತಡವಾದ ಕ್ಲೇಮುಗಳಿಗೂ ನಿಯಮಗಳಲ್ಲಿ ಅವಕಾಶವಿದೆ, ಆದರೆ ದಾರಿ ಕಠಿಣವಾಗುತ್ತದೆ. ನಮೂನೆಯಲ್ಲಿ ಒಟ್ಟು ಮೊತ್ತವನ್ನು ಒಂದೇ ಅಂಕಿಯಾಗಿ ಬರೆಯದೆ ಸಂಬಳ, ಹಾರಾಟ ಭತ್ಯೆ, ರಜೆ ನಗದೀಕರಣ, ಭವಿಷ್ಯ ನಿಧಿ, ಗ್ರಾಚ್ಯುಟಿ ಎಂದು ಬಿಡಿಸಿ, ತಿಂಗಳುವಾರು ಪಟ್ಟಿಯನ್ನು ಲಗತ್ತಿಸಿ.

ಹೀಗೆ ಬಿಡಿಸುವುದಕ್ಕೆ ಕಾರಣವಿದೆ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ನಿಧಿಯಿಂದ ನೌಕರರಿಗೆ ಬರಬೇಕಾದ ಹಣವು ಸಮಾಪನೆಯ (ಕಂಪನಿಯನ್ನು ಮುಚ್ಚಿ ಅದರ ಆಸ್ತಿ ಮಾರಿ ಹಂಚುವ ಪ್ರಕ್ರಿಯೆಯ) ಆಸ್ತಿಯ ಭಾಗವೇ ಅಲ್ಲ ಎಂದು ಸಂಹಿತೆಯ 36ನೇ ಕಲಂ ಹೇಳುತ್ತದೆ. ಜೆಟ್ ಪ್ರಕರಣದಲ್ಲಿ ನೌಕರರ ಈ ಬಾಕಿಗಳನ್ನು ಪೂರ್ಣವಾಗಿ ಕೊಡಬೇಕೆಂದು ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿತು, ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಉಳಿದ ಸಂಬಳದ ಬಾಕಿ 53ನೇ ಕಲಂನ ಸರದಿಯಲ್ಲಿ ನಿಲ್ಲುತ್ತದೆ: ಮೊದಲು ಪ್ರಕ್ರಿಯೆಯ ವೆಚ್ಚ, ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಭದ್ರತೆಯುಳ್ಳ ಸಾಲದಾತರು ಒಂದೇ ಸಾಲಿನಲ್ಲಿ, ಅದರ ಕೆಳಗೆ ಇತರ ನೌಕರರ 12 ತಿಂಗಳ ಬಾಕಿ. ಪೈಲಟ್ ‘ಕಾರ್ಮಿಕ’ನೋ ‘ನೌಕರ’ನೋ ಎಂಬ ಪ್ರಶ್ನೆ ಇಲ್ಲಿ ನಿರ್ಣಾಯಕ. ಸಂಬಳ ಹೆಚ್ಚಿದೆಯೆಂಬ ಕಾರಣಕ್ಕೇ ನೀವು ಕಾರ್ಮಿಕರಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪೈಲಟ್‌ಗಳನ್ನು ಹಿಂದಿನ ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರೆಂದು ಪರಿಗಣಿಸಿದ ತೀರ್ಪುಗಳಿವೆ.

ಒಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ಕಲಂನ ಅಕ್ಷರಗಳ ಪ್ರಕಾರ ಈ ತಿಂಗಳುಗಳ ಎಣಿಕೆ ಸಮಾಪನೆಯ ಆದೇಶದಿಂದ ಹಿಂದಕ್ಕೆ ಸಾಗುತ್ತದೆ. ಜೆಟ್ ನಿಂತದ್ದು 2019ರಲ್ಲಿ, ಸುಪ್ರೀಂ ಕೋರ್ಟ್ ಸಮಾಪನೆಗೆ ಆದೇಶಿಸಿದ್ದು 2024ರ ನವೆಂಬರ್ 7ರಂದು. ಪ್ರಕ್ರಿಯೆ ಹೀಗೆ ಎಳೆದಷ್ಟೂ ನಿಮ್ಮ ಹಳೆಯ ಬಾಕಿ ಆದ್ಯತೆಯ ಅವಧಿಯಿಂದ ಹೊರಗೆ ಜಾರಬಹುದು. ಸಂಘದ ವಕೀಲರೊಂದಿಗೆ ಮೊದಲ ಭೇಟಿಯಲ್ಲೇ ಈ ಪ್ರಶ್ನೆಯನ್ನು ಎತ್ತಿ. ಪರಿಹಾರ ವೃತ್ತಿಪರರು ಕೆಲಸದಲ್ಲಿ ಮುಂದುವರಿಯಿರಿ ಎಂದರೆ ಅದನ್ನು ಲಿಖಿತವಾಗಿ ಪಡೆಯಿರಿ: ಕಂಪನಿ ನಡೆಯುತ್ತಿದ್ದು ನೀವು ನಿಜವಾಗಿ ದುಡಿದ ಆ ಅವಧಿಯ ಸಂಬಳ ಪ್ರಕ್ರಿಯೆಯ ವೆಚ್ಚಕ್ಕೆ ಸೇರಿ ಸರದಿಯ ತುದಿಗೆ ಹೋಗುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಸರದಿಯಲ್ಲಿ ಒಳ್ಳೆಯ ಸ್ಥಾನ ಸಿಕ್ಕಿದರೂ ಹಂಚಲು ಆಸ್ತಿ ಇರಬೇಕಲ್ಲ. ಬಹುಪಾಲು ವಿಮಾನಗಳು ಬಾಡಿಗೆಯವು. ಗೋ ಫಸ್ಟ್‌ನ 54 ವಿಮಾನಗಳ ನೋಂದಣಿಯನ್ನು ರದ್ದುಪಡಿಸುವಂತೆ ದೆಹಲಿ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಆದೇಶಿಸಿದ ಮೇಲೆ ಆ ಕಂಪನಿ ಮತ್ತೆ ಹಾರುವ ಆಸೆ ಬತ್ತಿತು. 2025ರ ಜನವರಿಯಲ್ಲಿ ಸಮಾಪನೆಯ ಆದೇಶ ಬಂತು. ಬಾಕಿ ಬಂದೇ ಬರುತ್ತದೆಂದು ನಂಬಿ ಮನೆಯ ಖರ್ಚಿನ ಲೆಕ್ಕ ಹಾಕಬೇಡಿ.

ಬಿಡುವುದಾದರೆ ಹೇಗೆ ಬಿಡಬೇಕು

ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮದಂತೆ ಕಮಾಂಡರ್‌ಗಳಿಗೆ ಒಂದು ವರ್ಷ, ಸಹಪೈಲಟ್‌ಗಳಿಗೆ ಆರು ತಿಂಗಳ ನೋಟಿಸ್ ಅವಧಿಯಿದೆ. ಹಳೆಯ ಕಂಪನಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಹೊಸ ಕಂಪನಿ ನಿಮ್ಮನ್ನು ಹಾರಿಸುವುದಿಲ್ಲ. ಆದರೆ ಅದೇ ನಿಯಮದಲ್ಲಿ ಬಹಳ ಮಂದಿ ಓದದ ಒಂದು ವಾಕ್ಯವಿದೆ: ನೋಟಿಸ್ ಅವಧಿಯಲ್ಲಿ ಕಂಪನಿ ಸಂಬಳ, ಸವಲತ್ತು ಕಡಿಮೆ ಮಾಡಿದರೆ ಅಥವಾ ಷರತ್ತುಗಳನ್ನು ಪೈಲಟ್‌ಗೆ ಪ್ರತಿಕೂಲವಾಗಿ ಬದಲಿಸಿದರೆ, ಅವಧಿ ಮುಗಿಯುವ ಮುನ್ನವೇ ಬಿಡುಗಡೆ ಕೋರಲು ಪೈಲಟ್ ಸ್ವತಂತ್ರ. ಆದ್ದರಿಂದ ಸಿಟ್ಟಿನಲ್ಲಿ ಕೆಲಸಕ್ಕೆ ಗೈರುಹಾಜರಾಗದೆ, ನೋಟಿಸನ್ನು ಇ-ಮೇಲ್‌ನಲ್ಲಿ ಕೊಟ್ಟು, ಬಾಕಿಯ ಪಟ್ಟಿ ಲಗತ್ತಿಸಿ, ಈ ವಾಕ್ಯವನ್ನು ಉಲ್ಲೇಖಿಸಿ ಬಿಡುಗಡೆ ಕೇಳಿ. ತರಬೇತಿ ಬಾಂಡ್ ಮತ್ತು ಮುಂದಿನ ದಿನಾಂಕದ ಚೆಕ್ಕುಗಳಿದ್ದರೆ ಅವುಗಳನ್ನು ಹಿಂದಿರುಗಿಸುವಂತೆ ಅದೇ ಪತ್ರದಲ್ಲಿ ಬರೆಯಿರಿ.

ವಿಮಾನ ನಿಂತಾಗ ಸಂಬಳದ ಜೊತೆಗೆ ಪರವಾನಗಿಯ ಚಾಲ್ತಿಯೂ ಸವೆಯುತ್ತದೆ. 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್‌ಗಳ ಅನುಭವ, ಸಿಮ್ಯುಲೇಟರ್‌ನ ಪ್ರಾವೀಣ್ಯ ಪರೀಕ್ಷೆ, ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಇವುಗಳ ಕೊನೆಯ ದಿನಾಂಕಗಳನ್ನು ಬರೆದಿಟ್ಟುಕೊಂಡು, ಹಣ ಕೈಯಲ್ಲಿರುವಾಗಲೇ ವೈದ್ಯಕೀಯ ತಪಾಸಣೆಯನ್ನಾದರೂ ನವೀಕರಿಸಿ. ಕಂಪನಿ ಕಟ್ಟುತ್ತಿದ್ದ ಗುಂಪು ಆರೋಗ್ಯ ವಿಮೆ ಮತ್ತು ಪರವಾನಗಿ ನಷ್ಟದ ವಿಮೆ ಕಂತು ನಿಂತ ದಿನವೇ ನಿಲ್ಲಬಹುದು. ವಿಮಾ ಕಂಪನಿಗೆ ನೀವೇ ಫೋನ್ ಮಾಡಿ ಕಂತು ಯಾವ ತಿಂಗಳವರೆಗೆ ಸಂದಾಯವಾಗಿದೆ ಎಂದು ಕೇಳಿ, ಆರೋಗ್ಯ ವಿಮೆಯನ್ನು ಸ್ವಂತ ಹೆಸರಿಗೆ ಬದಲಿಸಿಕೊಳ್ಳಿ. ತರಬೇತಿ ಸಾಲದ ಬ್ಯಾಂಕಿಗೆ ಮೊದಲ ಕಂತು ತಪ್ಪುವ ಮುಂಚೆಯೇ ಹೋಗಿ. ಸಾಲಕ್ಕೆ ಜಾಮೀನು ನಿಂತ ತಂದೆಯನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು, ಸಂಬಳ ಬಾಕಿಯಿರುವ ಪತ್ರವನ್ನು ತೋರಿಸಿ, ಕಂತಿನ ಅವಧಿ ವಿಸ್ತರಿಸುವಂತೆ ಲಿಖಿತ ಮನವಿ ಕೊಟ್ಟು ಅದರ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ.