ಕಳೆಯಂತೆ ಹಬ್ಬಿದ ಹವಳ: ನಾನು ಕತ್ತರಿಸಿದ ಬಗೆ

ಬದಿಯಡ್ಕದ ಕಡೆ ತೋಟವಿರುವವರಿಗೆ ಕಳೆ ಕೀಳುವುದು ಹೊಸ ಕೆಲಸವಲ್ಲ. ಆದರೆ ಚಾವಡಿಯಲ್ಲಿಟ್ಟ ಗಾಜಿನ ಟ್ಯಾಂಕ್‌ನೊಳಗೂ ಕಳೆ ಕೀಳಬೇಕಾದೀತೆಂದು ನಾನು ಎಣಿಸಿರಲಿಲ್ಲ.

ನನ್ನದು 3 ಅಡಿಯ ಉಪ್ಪುನೀರಿನ ಟ್ಯಾಂಕ್. ಎರಡು ಕ್ಲೌನ್ ಮೀನು, ಒಂದಷ್ಟು ಕಲ್ಲು, ಮೃದು ಹವಳ. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿಸಿದ ಜೀವಿಗಳ ಒಂದನೇ ಪಟ್ಟಿಯಲ್ಲಿದೆ, ಅದರ ತಂಟೆಗೇ ಹೋಗಲಿಲ್ಲ. ಝೀನಿಯಾ ಎಂಬ ಮೃದು ಹವಳ ತಂದಾಗ ಎರಡು ಬೆರಳಿನಷ್ಟಿತ್ತು. ಪುಟ್ಟ ಕೈಗಳು ಮುಚ್ಚಿ ಬಿಚ್ಚುವ ಹಾಗೆ ಮಿಡಿಯುತ್ತದೆ, ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ವರ್ಷ ಕಳೆಯುವಾಗ ಅರ್ಧ ಕಲ್ಲು ಅದರದ್ದೇ. ಗ್ರೀನ್ ಸ್ಟಾರ್ ಪಾಲಿಪ್ ಎಂಬ ಇನ್ನೊಂದು ಮೃದು ಹವಳ ಹಿಂದಿನ ಗಾಜಿಗೂ ಹತ್ತಿತು. ಲೆದರ್ ಕೋರಲ್ ಎಂಬ ಮತ್ತೊಂದು ಊಟದ ಬಟ್ಟಲಿನಷ್ಟು ಅಗಲಕ್ಕೆ ಕೊಡೆ ಬಿಚ್ಚಿತು, ಅದರಡಿ ಇದ್ದವಕ್ಕೆ ಬೆಳಕೇ ಇಲ್ಲ.

"ಗೊಬ್ಬರ ಜಾಸ್ತಿಯಾಗಿದೆ ನಿಮ್ಮದಕ್ಕೆ" ಅಂದಳು ಹೆಂಡತಿ. ಹವಳ ಗಿಡವಲ್ಲ, ಪ್ರಾಣಿ. ಆದರೂ ಅವಳ ಮಾತು ಸರಿಯೇ. ಮೀನಿಗೆ ದಿನಕ್ಕೆ ಮೂರು ಸಲ ಹಾಕುತ್ತಿದ್ದ ಆಹಾರ ಕೊಳೆತು ನೈಟ್ರೇಟ್ ಏರಿತ್ತು. ಝೀನಿಯಾ ಕೊಬ್ಬಿದ್ದು ಅದರಲ್ಲೇ.

ಒಂದು ಭಾನುವಾರ ಕತ್ತರಿ ಹಿಡಿದು, ಟ್ಯಾಂಕ್‌ನೊಳಗೇ ಎಲ್ಲವನ್ನೂ ಕಚಕಚ ಕತ್ತರಿಸಿದೆ. ಅರ್ಧ ಗಂಟೆಯಲ್ಲಿ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು. ಸಿಗಡಿ ಒಂದು ಸತ್ತೇ ಹೋಯಿತು. ಗಟ್ಟಿ ಹವಳದ ಹಾಗೆ ಸುಣ್ಣದ ಗೂಡು ಮೃದು ಹವಳಗಳಿಗಿಲ್ಲ, ತಮ್ಮನ್ನು ಕಾಯಲು ವಿಷವೇ ಗತಿ. ಕತ್ತರಿಸಿದರೆ ಆ ವಿಷ ನೀರಿಗೆ ಸೋರುತ್ತದೆ. ನೀರು ಬದಲಿಸಿ, ವಿಷ ಹೀರುವ ಕಾರ್ಬನ್ (ಇದ್ದಿಲು) ಹಾಕಿ ಹೇಗೋ ಮೀನು ಉಳಿದವು.

ಈಗ ಒಂದು ದಿನಕ್ಕೆ ಒಂದೇ ಕಲ್ಲು. ಟ್ಯಾಂಕ್‌ನದೇ ನೀರು ತುಂಬಿದ ಬಕೆಟ್‌ಗೆ ಕಲ್ಲನ್ನು ತೆಗೆದು, ಹೊಸ ಬ್ಲೇಡಿನಲ್ಲಿ ಕೊಯ್ದು, ಬೇರೆ ಉಪ್ಪುನೀರಿನಲ್ಲಿ ಜಾಲಿಸಿ ವಾಪಸು ಇಡುತ್ತೇನೆ. ಕಾರ್ಬನ್ ಮೊದಲೇ ಹಾಕಿರುತ್ತೇನೆ. ಬದಲಿಸುವ ನೀರೂ ಹಿಂದಿನ ದಿನವೇ ತಯಾರು, ಆರ್‌ಓ ನೀರಿಗೆ ಉಪ್ಪು ಕಲಸಿ ಸಾಂದ್ರತೆ 1.025ಕ್ಕೆ ತಂದದ್ದು. ಕುಂಬಳೆ ಕಡಲಿನಿಂದ ಕ್ಯಾನಿನಲ್ಲಿ ತರುವ ಯೋಚನೆ ಮಳೆಗಾಲದಲ್ಲಂತೂ ಬೇಡ, ಹೊಳೆ ನೀರು ಸೇರಿ ಉಪ್ಪು ಸಪ್ಪೆಯಾಗಿರುತ್ತದೆ.

ಸ್ಟಾರ್ ಪಾಲಿಪ್ ಸುಲಭ, ಚಾಪೆ ಎಬ್ಬಿಸಿದ ಹಾಗೆ ಏಳುತ್ತದೆ. ಲೆದರ್‌ನ ಕೊಡೆ ಕೊಯ್ದ ಮೇಲೆ ವಾರಗಟ್ಟಲೆ ಮುದುಡಿ ಕೂತರೂ ಹೆದರಬೇಕಿಲ್ಲ, ಮತ್ತೆ ಬಿಚ್ಚುತ್ತದೆ. ಕೊಯ್ದ ತುಂಡನ್ನು ಚೂರು ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಸಡಿಲವಾಗಿ ಕಟ್ಟಿದರಾಯಿತು. ಅಂಟು ಹಚ್ಚಿ ನೋಡಿದೆ, ಲೋಳೆಗೆ ನಿಲ್ಲುವುದಿಲ್ಲ.

ಹಟಮಾರಿ ಅಂದರೆ ಝೀನಿಯಾ. ಬುಡದ ಚರ್ಮ ಸ್ವಲ್ಪ ಉಳಿದರೂ ಚಿಗುರುತ್ತದೆ. ಎತ್ತಲಾಗದ ದೊಡ್ಡ ಕಲ್ಲಿನಲ್ಲಿ ಉಳಿದ ಬುಡಕ್ಕೆ, ಪಂಪ್ ನಿಲ್ಲಿಸಿ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಗಟ್ಟಿ ಮುದ್ದೆ ಮೆತ್ತುತ್ತೇನೆ. ವೀಳ್ಯಕ್ಕೆ ಹಚ್ಚುವ ಸುಣ್ಣವೂ ಅದೇ ಅಲ್ವಾ ಅಂತ ಡಬ್ಬಿಗೆ ಕೈ ಹಾಕಬೇಡಿ, ಅದರಲ್ಲಿ ಇನ್ನೇನು ಸೇರಿದೆಯೋ. ಒಂದು ಸಲಕ್ಕೆ ಕಡಲೆ ಗಾತ್ರ ಸಾಕು, ಜಾಸ್ತಿಯಾದರೆ ಪಿಎಚ್ ನೆಗೆಯುತ್ತದೆ. ಈಗ ಝೀನಿಯಾಕ್ಕೆ ಮರಳಿನ ನಡುವೆ ಒಂಟಿ ಕಲ್ಲು ಕೊಟ್ಟಿದ್ದೇನೆ. ಆದರೂ ವಾರಕ್ಕೊಮ್ಮೆ ಸುತ್ತ ನೋಡಬೇಕು.

ಕೈಗವಸು, ಕನ್ನಡಕ ಬಿಟ್ಟು ಇದಕ್ಕೆ ಕೂರಬೇಡಿ. ಹವಳದ ನಂಟಿನ ಬಟನ್ ಪಾಲಿಪ್ ಎಂಬ ಪ್ರಾಣಿ ಇದ್ದರಂತೂ ಬೇಡವೇ ಬೇಡ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಸ್ವಚ್ಛ ಮಾಡುವ ನೆಪದಲ್ಲಿ ಅಂಥ ಕಲ್ಲನ್ನು ಕುದಿಸಿದರೆ ಆವಿಯೇ ಆಸ್ಪತ್ರೆಗೆ ಕಳಿಸುತ್ತದೆ.

ಮಿಕ್ಕಿದ ಚೂರುಗಳನ್ನು ಬಿಸಿಲಲ್ಲಿ ಒಣಗಿಸಿ ಕಸಕ್ಕೆ ಹಾಕುತ್ತೇನೆ, ಹೊಳೆಗೂ ಇಲ್ಲ, ಕಡಲಿಗೂ ಇಲ್ಲ. ವೆನೆಜುವೆಲಾದ ಕರಾವಳಿಯಲ್ಲಿ ಝೀನಿಯಾದ ನಂಟಿನದೇ ಒಂದು ಹವಳ ಅಕ್ವೇರಿಯಂನವರ ಕೈಯಿಂದ ಕಡಲಿಗೆ ಬಿದ್ದು, ಅಲ್ಲಿನ ಹವಳ ದಿಬ್ಬಗಳನ್ನೇ ಮುಚ್ಚಿಬಿಟ್ಟಿದೆ.

ಮೊನ್ನೆ ನೆರೆಮನೆಯ ಹುಡುಗ ಹೊಸ ಟ್ಯಾಂಕ್ ಇಟ್ಟು ಒಂದು ತುಂಡು ಕೇಳಲು ಬಂದ. ಲೆದರ್ ಕಟ್ಟಿದ ಕಲ್ಲು ಕೊಟ್ಟೆ. "ಮಾವ, ಆ ಮಿಡಿಯುವುದು ಬೇಕಿತ್ತು" ಅಂದ. ಕೊಡಲಿಲ್ಲ.